ಲಿಫ್ಟ್ ಭಾವ ಅಡ್ಡಡ್ಡ ಹೊರಟದ್ದು

ನನ್ನ ಭಾವ, ಎಂದರೆ ಅಕ್ಕನ ಗಂಡ, ಬದುಕಿನ ಬಹುಭಾಗವನ್ನು ಲಿಫ್ಟಿನಲ್ಲಿ ಕಳೆದವರು. ಎತ್ತರದ ಕಚೇರಿ ಕಟ್ಟಡವೊಂದರ ಲಿಫ್ಟಿನೊಳಗೆ ಮರದ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವುದು ಅವರ ಉದ್ಯೋಗ. ನಿವೃತ್ತಿಯ ಹೊತ್ತಿಗೆ ಅವರು ಮಾಡಿದ ಪ್ರಯಾಣವನ್ನೆಲ್ಲ ಒಟ್ಟು ಸೇರಿಸಿದ್ದರೆ ಭೂಮಿಗೆ ಒಂದು ಸುತ್ತು ಬರಬಹುದಿತ್ತೋ ಏನೋ. ಆದರೆ ಹೊರಟ ಜಾಗ ಬಿಟ್ಟು ಒಂದು ಗೇಣೂ ಆಚೀಚೆ ಸರಿದಿರಲಿಲ್ಲ.

ಆ ಲಿಫ್ಟಿಗೆ ಕಿಟಕಿ ಇರಲಿಲ್ಲ. ಊಟದ ಬಿಡುವಿನಲ್ಲಿ ಭಾವ ಮೇಲಿನ ಮಹಡಿಯ ಮೆಟ್ಟಿಲ ಬಳಿಯ ಕಿಟಕಿಯಲ್ಲಿ ನಿಂತು, ಊರು ದಾಟಿ ಹೋಗುವ ಹೆದ್ದಾರಿಯನ್ನು ನೋಡುತ್ತಾ ಡಬ್ಬಿ ಖಾಲಿ ಮಾಡುತ್ತಿದ್ದರು. ಲಾರಿಯೊಂದು ದೂರದ ತಿರುವಿನಲ್ಲಿ ಮರೆಯಾಗುವವರೆಗೆ ಬಾಯಲ್ಲಿದ್ದುದನ್ನು ಅಗಿಯುವುದನ್ನೂ ಮರೆತುಬಿಡುತ್ತಿದ್ದರಂತೆ.

"ಒಂದೇ ಒಂದು ಸಲ ಅಡ್ಡಡ್ಡ ಹೋಗ್ಬೇಕು ಕಣಯ್ಯ," ಎಂದು ನನ್ನ ಬಳಿ ಆಗಾಗ ಹೇಳಿಕೊಳ್ಳುತ್ತಿದ್ದರು. ನಾನು ಅದೊಂದು ರೀತಿಯ ವಾಯು ಎಂದುಕೊಂಡಿದ್ದೆ.

ನಿವೃತ್ತಿಯಾದ ಮೇಲೆ ಒಂದು ಭಾನುವಾರ ಅವರು ಮನೆ ಮುಂದೆ ದೊಡ್ಡದೊಂದು ಬಿಳಿ ಗಾಡಿ ತಂದು ನಿಲ್ಲಿಸಿದರು. ಮುಂದೆ ಸ್ಟೀರಿಂಗು, ಹಿಂದೆ ಹಾಸಿಗೆ, ಒಲೆ, ಬಟ್ಟಲಷ್ಟು ಅಗಲದ ಸಿಂಕು, ಬೀರುವಿನಷ್ಟು ದೊಡ್ಡ ಬಚ್ಚಲು. ಓಡಿಸಿಕೊಂಡು ಹೋಗುವುದು, ಹೋದಲ್ಲಿ ಅದರೊಳಗೇ ಸಂಸಾರ ಮಾಡುವುದು. ಭಾವ ಅದನ್ನು ಮನೆಗಾಡಿ ಎಂದು ಕರೆದರು.

ಬೀದಿಯೆಲ್ಲ ಸೇರಿತು. ಔಷಧಿ ಅಂಗಡಿಯವನು ಗಾಡಿಯನ್ನು ಎರಡು ಸುತ್ತು ಬಂದು, "ಐಸ್‌ಕ್ರೀಮ್ ವ್ಯಾಪಾರ ಶುರು ಮಾಡ್ತೀರಾ?" ಎಂದ. ಮೂಲೆಮನೆಯ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ಮನೆ ಇಲ್ಲದೋರು ಗಾಡೀಲಿ ಮಲಗೋದು ಕಂಡಿದೀನಿ. ಮನೆ ಇದ್ದೋರಿಗೆ ಏನು ಬಂದಿದೆ?" ಎಂದರು. ಅಕ್ಕ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು. "ಮನೆ ಬಿಟ್ಟು ಮನೆಗೆ ಹೋಗೋದಾ?"

ಎದುರುಮನೆಯ ಟೈಲರಮ್ಮ ಮಾತ್ರ ಏನೂ ಕೇಳಲಿಲ್ಲ. ಅವಳ ಹೊಲಿಗೆ ಯಂತ್ರ ಬೀದಿ ಕಡೆಯ ಕಿಟಕಿಯ ಬಳಿ. ಅಕ್ಕನ ಅಡುಗೆಮನೆ ಕಿಟಕಿ ಅದಕ್ಕೆ ನೇರ ಎದುರು. ಮದುವೆಯಾಗಿ ಅಕ್ಕ ಈ ಬೀದಿಗೆ ಬಂದಂದಿನಿಂದ ಇಬ್ಬರೂ ನಡುವೆ ಬೀದಿಯನ್ನಿಟ್ಟುಕೊಂಡೇ ಮಾತಾಡಿದವರು. ಟೈಲರಮ್ಮ ಕೊರಳಿನಲ್ಲಿ ಟೇಪು ಹಾಕಿಕೊಂಡು ಬಂದು, ಗಾಡಿಯ ಕಿಟಕಿಗಳಿಗೆ ಪರದೆ ಹೊಲಿದುಕೊಡುತ್ತೇನೆಂದು ಅಳತೆ ತೆಗೆದಳು. ಇದ್ದದ್ದು ನಾಲ್ಕು ಪುಟ್ಟ ಕಿಟಕಿ. ಅಳೆದು ಮುಗಿಸಲು ಅವಳಿಗೆ ಮಧ್ಯಾಹ್ನವಾಯಿತು.

ಅಕ್ಕ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ನಾನು ಯಾವತ್ತು ಮನೆಗೆ ಹೋಗೋಣ ಅಂತೀನೋ ಅವತ್ತು ಉಸಿರೆತ್ತದೆ ಗಾಡಿ ತಿರುಗಿಸ್ಬೇಕು. ಮತ್ತೆ ಇದರ ಸುದ್ದಿ ಎತ್ತಬಾರದು."

"ಹೂಂ," ಎಂದರು ಭಾವ. ಮುಂದೆ ನಡೆದ ಅನಾಹುತಗಳಿಗೆಲ್ಲ ಈ ಹೂಂ ಕಾರಣ. ಗಂಡನಿಗೆ ಏನೂ ಬರುವುದಿಲ್ಲ ಎಂದು ಗೊತ್ತಾದ ಕ್ಷಣ ಅಕ್ಕ ಆ ಮಾತು ಆಡಿಬಿಡುತ್ತಾಳೆ, ಆದ್ದರಿಂದ ಎಲ್ಲವೂ ಬರುತ್ತದೆ ಎಂಬಂತೆ ಇರಬೇಕು ಎಂದು ಭಾವ ತೀರ್ಮಾನಿಸಿದರು. ಹೊರಡುವಾಗ ಸ್ವಂತ ಗೇಟಿನ ಕಂಬಕ್ಕೇ ಗಾಡಿಯ ಪಕ್ಕೆ ಉಜ್ಜಿದಾಗಲೂ ಅವರು ಗಂಭೀರವಾಗಿ, "ಅಳತೆ ನೋಡ್ತಿದ್ದೆ," ಎಂದರು.

ಊರಿಂದ ಅರ್ಧ ದಿನದ ದಾರಿಯಲ್ಲಿ, ಕೆರೆಯೊಂದರ ದಡದಲ್ಲಿ, ಇಂಥ ಗಾಡಿಗಳೇ ತಂಗುವ ಒಂದು ಬಯಲಿದೆ. ನಾನು ಅಲ್ಲಿಗೆ ಹೋದವನಲ್ಲ. ಭಾವ ಒಂದು ರೀತಿ ಹೇಳಿದ್ದನ್ನೂ, ಅಕ್ಕ ಇನ್ನೊಂದು ರೀತಿ ಹೇಳಿದ್ದನ್ನೂ ಸೇರಿಸಿ, ಸತ್ಯ ಎಲ್ಲಿರಬಹುದೆಂದು ಅಂದಾಜು ಮಾಡಿ ಹೇಳುತ್ತಿದ್ದೇನೆ.

ಬಯಲಿನ ಮ್ಯಾನೇಜರ್ ಗೇಟಿನಲ್ಲಿ ನಿಂತು ಕೇಳಿದ, "ಹೊಸಬರಾ ಸಾರ್, ಹಳಬರಾ?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಭಾವ, "ನೋಡಿದ್ರೆ ಗೊತ್ತಾಗಲ್ವೇನಪ್ಪ?" ಎಂದರು.

ಮ್ಯಾನೇಜರ್ ನೋಡಿದ. ಗಾಡಿಯ ಎಡಪಕ್ಕೆಯಲ್ಲಿ ಗೇಟಿನ ಕಂಬದ ಗುರುತು, ಬಲಪಕ್ಕೆಯಲ್ಲಿ ಪೆಟ್ರೋಲ್ ಬಂಕಿನ ಗುರುತು, ಹಿಂಬದಿಯಲ್ಲಿ ಯಾವುದೋ ಮರದ ಗುರುತು. ಇಷ್ಟು ಗಾಯ ಒಂದೇ ದಿನದಲ್ಲಿ ಆಗಲು ಸಾಧ್ಯವೆಂದು ಅವನಿಗೆ ಹೊಳೆಯಲಿಲ್ಲ. "ಕ್ಷಮಿಸಿ ಸಾರ್," ಎಂದು ಗೌರವದಿಂದ ಬದಿಗೆ ಸರಿದ. "ನೀವು ಆ ಕೊನೇ ಸಾಲಿಗೆ ಹೋಗಿ. ನೀರಿನ ಪೈಪು, ಕರೆಂಟು ಎಲ್ಲ ಹೊಸಬರ ಕಡೆ ಇದೆ. ನಿಮ್ಮಂಥೋರಿಗೆ ಅದೆಲ್ಲ ಬೇಕಾಗಲ್ಲ."

"ಬೇಕಾಗಲ್ಲ," ಎಂದರು ಭಾವ. ಅಕ್ಕ ಅವರನ್ನು ಒಂದು ಥರ ನೋಡಿದಳು.

ಕೊನೆಯ ಸಾಲು ಕೆರೆಯ ಕಡೆಗೆ ಇಳಿಜಾರಾಗಿತ್ತು. ಅಂಥಲ್ಲಿ ಚಕ್ರದ ಕೆಳಗೆ ಮರದ ತುಂಡು ಕೊಟ್ಟು ಗಾಡಿಯನ್ನು ಸಮ ಮಾಡಬೇಕು. ಭಾವ ಕೊಟ್ಟರು, ಆದರೆ ತಗ್ಗಿನ ಚಕ್ರಕ್ಕಲ್ಲ, ಎತ್ತರದ ಚಕ್ರಕ್ಕೆ. ಗಾಡಿ ಇನ್ನಷ್ಟು ವಾಲಿತು. ಒಲೆಯ ಮೇಲಿಟ್ಟ ಹಾಲು ಪಾತ್ರೆಯ ಒಂದೇ ಮೂಲೆಗೆ ಸೇರಿಕೊಂಡು ಅಲ್ಲಿಂದಲೇ ಉಕ್ಕಿತು. ಬೆಳಗ್ಗೆ ಅಕ್ಕ ಕಣ್ಣು ಬಿಟ್ಟಾಗ ತಲೆ ಕೆಳಗೆ, ಕಾಲು ಮೇಲೆ.

ಪಕ್ಕದ ಗಾಡಿಯಲ್ಲಿ ಹಲ್ಲಿನ ಡಾಕ್ಟರೊಬ್ಬರು ಹೆಂಡತಿಯ ಜೊತೆ ತಂಗಿದ್ದರು. ನಿವೃತ್ತರು, ಮೃದು ಮಾತಿನವರು. ಟೀ ಲೋಟ ಹಿಡಿದು ಬಂದು ಗಾಡಿಯನ್ನು ಒಂದಿಷ್ಟು ಹೊತ್ತು ನೋಡಿದರು.

"ಸ್ವಲ್ಪ ವಾಲಿದ ಹಾಗಿದೆ ಅಲ್ವಾ?"

"ವಾಲಿಸಿರೋದು," ಎಂದರು ಭಾವ.

"ಓ. ಕಾರಣ?"

"ಸಪಾಟಾಗಿ ಮಲಗೋದು ಮನೇಲಿದ್ದೇ ಇದೆ. ರಸ್ತೆಗೆ ಬಿದ್ದ ಮೇಲೆ ರಕ್ತ ತಲೆ ಕಡೆ ಇಳೀಬೇಕು. ದಿಕ್ಕು ಚೆನ್ನಾಗಿ ನೆನಪಿರುತ್ತೆ."

ಡಾಕ್ಟರು ತಲೆಯಾಡಿಸಿದರು. ವೈದ್ಯಶಾಸ್ತ್ರ ಓದಿದ ಮನುಷ್ಯ, ನಗುತ್ತಾರೆಂದು ಅಕ್ಕ ಕಾದಳು. ನಗಲಿಲ್ಲ. ಮರುದಿನ ಅವರ ಗಾಡಿ ವಾಲಿತ್ತು. ಅದರಾಚೆ ಒಬ್ಬಳೇ ತಂಗಿದ್ದ ನಿವೃತ್ತ ಬ್ಯಾಂಕ್ ಕ್ಯಾಷಿಯರಮ್ಮನ ಗಾಡಿ ಅದರ ಮರುದಿನ ವಾಲಿತು. ವಾರ ಕಳೆಯುವಷ್ಟರಲ್ಲಿ ಹಳಬರ ಸಾಲು ಪೂರ್ತಿ, ಗಾಳಿಗೆ ಬಾಗಿದ ಪೈರಿನ ಹಾಗೆ ಕೆರೆಯ ಕಡೆ ಬಾಗಿ ನಿಂತಿತು. ಮ್ಯಾನೇಜರ್ ಹೊಸಬರನ್ನು ಗುಂಪಾಗಿ ಕರೆತಂದು, "ನೋಡಿ, ಅನುಭವ ಅಂದ್ರೆ ಇದು," ಎಂದು ತೋರಿಸಿದ.

ಆಮೇಲೆ ಟ್ಯಾಂಕಿನಲ್ಲಿ ನೀರು ಮುಗಿದು ಪಂಪು ಒಣಕೆಮ್ಮು ಕೆಮ್ಮತೊಡಗಿತು. ಟ್ಯಾಂಕಿಗೆ ನೀರು ತುಂಬಿಸುವ ಬಾಯಿ ಎಲ್ಲಿದೆಯೆಂದು ಭಾವನಿಗೆ ಸಿಗಲಿಲ್ಲ. ಕೇಳುವಂತಿಲ್ಲ, ಹಳಬರು. ಬಕೆಟ್ ಹಿಡಿದು ಹೊಸಬರ ಸಾಲಿನ ನಲ್ಲಿಗೆ ನಡೆದರು. ದಾರಿಯಲ್ಲಿ ಕ್ಯಾಷಿಯರಮ್ಮ ತಡೆದು ಕೇಳಿದಾಗ, "ಕೈಯಲ್ಲಿ ಹೊತ್ತು ತಂದ ನೀರೇ ಬೇರೆ," ಎಂದರು. ಅಂದಿನಿಂದ ಆ ಸಾಲಿನ ಹಿರಿಯರೆಲ್ಲ ಬೆಳಗ್ಗೆ ಬಕೆಟ್ ಹಿಡಿದು ಗಂಭೀರವಾಗಿ ಸಾಲುಗಟ್ಟಿ ನಡೆಯುವುದು ಶುರುವಾಯಿತು.

ಇಷ್ಟೆಲ್ಲ ಪ್ರತಿಷ್ಠೆಯ ನಡುವೆ ಭಾವ ಸುಖವಾಗಿದ್ದರೆಂದು ನೀವು ತಿಳಿದರೆ ತಪ್ಪು. ಕಚೇರಿ ತೆರೆಯುವ ಹೊತ್ತಾಯಿತೆಂದರೆ ಅವರ ಕಾಲು ತಾನಾಗಿ ಗಾಡಿಯ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಯಾರಾದರೂ ಹತ್ತಲಿ ಎಂದು ಕಾಯುವ ಮುಖ. ಒಂದು ದಿನ ಹಲ್ಲಿನ ಡಾಕ್ಟರು ಮಾತಿಗೆಂದು ಬಂದು ಮೆಟ್ಟಿಲ ಮೇಲೆ ಕಾಲಿಟ್ಟರು. ಭಾವ ಬಾಗಿಲು ಹಿಡಿದು, ಅಭ್ಯಾಸಬಲದಿಂದ, "ಯಾವ ಮಹಡಿ?" ಎಂದುಬಿಟ್ಟರು.

ಡಾಕ್ಟರು ನಿಂತರು. ಯೋಚಿಸಿದರು. ಇಳಿದು ಕೆರೆಯ ಕಡೆ ನಡೆದರು. ಸಂಜೆ ಮರಳಿ ಬಂದು, ಕಣ್ಣು ಒದ್ದೆ ಮಾಡಿಕೊಂಡು, "ಕೆಳಗಿನದೇ ಇರ್ಬೇಕು ಸಾರ್. ಇಷ್ಟು ವಯಸ್ಸಾದ್ರೂ ನಾನಿನ್ನೂ ಹತ್ತೇ ಇಲ್ಲ," ಎಂದರು. ಅವತ್ತಿನಿಂದ ಅವರು ಭಾವನ ಎದುರು ಕುರ್ಚಿಯಲ್ಲಿ ಒರಗಿ ಕೂರುವುದನ್ನೂ ಬಿಟ್ಟರು.

ಅಕ್ಕನ ಕಥೆ ಇನ್ನೊಂದು. ಅವಳು ದಿನವೂ ಗಾಡಿಯ ಹಿಂದಿನ ಕಲ್ಲಿನ ಮೇಲೆ ಕೂತು ಟೈಲರಮ್ಮನಿಗೆ ಫೋನು ಮಾಡುತ್ತಿದ್ದಳು. ಟೈಲರಮ್ಮ ಫೋನನ್ನು ಸ್ಪೀಕರಿಗೆ ಹಾಕುತ್ತಿದ್ದುದರಿಂದ ಇಬ್ಬರ ಮಾತನ್ನೂ ನಾನು ಅವಳ ಅಂಗಡಿಯಲ್ಲಿ ಅಂಗಿಗೆ ಗುಂಡಿ ಹಾಕಿಸಿಕೊಳ್ಳುತ್ತಾ ಕಿವಿಯಾರೆ ಕೇಳಿದ್ದೇನೆ.

"ನಮ್ಮನೆ ಮುಂದೆ ಏನು ನಡೀತಿದೆ?" ಎಂದು ಅಕ್ಕ.

"ಏನು ನಡೆಯತ್ತೆ, ಏನಿಲ್ಲ. ನಿನ್ನ ಕಿಟಕೀಲಿ ಈಗ ಏನು ಕಾಣ್ತಿದೆ ಹೇಳು."

"ನೀರು. ನಮ್ಮ ಹಿಂದಿನ ಬಾಗಿಲು ಗಾಳಿಗೆ ಬಡ್ಕೋತಿದ್ಯಾ?"

"ಇಲ್ಲ ಕಣೆ. ಎಂಥ ನೀರು?"

"ಎಂಥ ನೀರು ಅಂದ್ರೆ? ಒದ್ದೆ ನೀರು. ಮೆಟ್ಟಿಲ ಮೇಲೆ ಬಿಸಿಲು ಬಂತಾ?"

"ಬಂತು, ಹೋಯ್ತು. ನೀರಿನ ಬಣ್ಣ ಏನೇ?"

"ಬೂದಿ. ಬಿಸಿಲು ಬಂದಾಗ ಆ ಬೆಕ್ಕು ಬಂದು ಕೂತಿತ್ತಾ?"

"ಆಚೆ ದಡದಲ್ಲಿ ಏನಿದೆ?"

"ಆಚೆ ದಡ ಇದೆ," ಎಂದು ಅಕ್ಕ ಬೇಸರದಿಂದ ಫೋನಿಟ್ಟಳು. ತನ್ನ ಮನೆಯ ಒಂದು ಸುದ್ದಿಯೂ ಸರಿಯಾಗಿ ಸಿಗಲಿಲ್ಲವಲ್ಲ ಎಂದು ಅವಳಿಗೆ ಸಂಕಟ. ಇತ್ತ ಟೈಲರಮ್ಮ ಸೂಜಿಗೆ ದಾರ ಪೋಣಿಸುವುದನ್ನು ಮರೆತು ಎದುರುಗೋಡೆ ನೋಡುತ್ತಾ ಕೂತಳು. ನನ್ನ ಅಂಗಿಗೆ ಗುಂಡಿ ತಲೆಕೆಳಗಾಗಿ ಬಿತ್ತು.

ಹಾಗಿದ್ದರೂ ಅಕ್ಕ ಆ ಮಾತು ಆಡಲಿಲ್ಲ. ನಾಲಿಗೆಯ ತುದಿಗೆ ಬಂದಾಗಲೆಲ್ಲ, ಕೆರೆಯಂಚಿನಲ್ಲಿ ನಿಂತು ದೂರ ನೋಡುವ ಗಂಡನ ಬೆನ್ನು ಕಾಣುತ್ತಿತ್ತು. ಇಷ್ಟು ವರ್ಷ ಕಾದವರು, ಇನ್ನೊಂದಿಷ್ಟು ದಿನ ಇರಲಿ ಎಂದು ನುಂಗಿಕೊಳ್ಳುತ್ತಿದ್ದಳು. ಭಾವ ನೋಡುತ್ತಿದ್ದದ್ದು ಊರಿನ ದಿಕ್ಕನ್ನು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಕೊನೆಗೆ ಎಲ್ಲವನ್ನೂ ಬಯಲಿಗೆಳೆದದ್ದು ಒಂದು ಕೆಂಪು ದೀಪ. ಪಾಯಿಖಾನೆಯ ಟ್ಯಾಂಕು ತುಂಬುತ್ತಾ ಬಂದರೆ ಉರಿಯುವ ದೀಪ ಅದು.

"ರೀ, ಕೆಂಪು ದೀಪ ಹತ್ಕೊಂಡಿದೆ."

"ಅದು ಹಾಗೇ ಇರೋದು."

"ನಿನ್ನೆ ಇರ್ಲಿಲ್ಲ."

"ಈಗ ಇದ್ಯಲ್ಲ," ಎಂದು ಭಾವ ಅದರ ಮೇಲೆ ಕರವಸ್ತ್ರ ಹೊದಿಸಿದರು.

ಟ್ಯಾಂಕನ್ನು ಹೊರತೆಗೆದು ಖಾಲಿ ಮಾಡಬೇಕೆಂದು ಗೊತ್ತಿತ್ತು. ಹೇಗೆ ಎಂಬುದು ಗೊತ್ತಿರಲಿಲ್ಲ. ಅದೇ ದಿನ ಡಾಕ್ಟರು ಸುಮ್ಮಸುಮ್ಮನೆ ಬಂದು ಕೂತರು. ಹವೆಯ ಬಗ್ಗೆ ಮಾತಾಡಿದರು. ಆಮೇಲೆ ದನಿ ತಗ್ಗಿಸಿ, "ತಮ್ಮ ಗಾಡೀಲಿ... ಆ ಕೆಂಪು ಗಿಂಪು... ಎಲ್ಲ ಆರಾಮಾ?" ಎಂದರು.

"ಆರಾಮ. ತಮ್ಮದು?"

"ತುಂಬಾ ಆರಾಮ," ಎಂದರು ಡಾಕ್ಟರು.

ಇಬ್ಬರೂ ಬಹಳ ಹೊತ್ತು ಕೆರೆ ನೋಡಿದರು. ಗಾಳಿ ಗಾಡಿಗಳ ಕಡೆಯಿಂದ ಬೀಸುತ್ತಿತ್ತು. ಇಬ್ಬರೂ ಅದರ ವಿಷಯ ಎತ್ತಲಿಲ್ಲ.

ಎರಡು ದಿನದಲ್ಲಿ ಆ ಗಾಳಿ ಹೊಸಬರ ಸಾಲನ್ನೂ ಮುಟ್ಟಿತು. ದೂರು ಹೊತ್ತು ಬಂದವರಿಗೆ ಮ್ಯಾನೇಜರ್, "ಹಳಬರ ಕಡೆಯಿಂದ ಬರ್ತಿದೆ ಅಂದ್ರೆ ಏನೋ ವಿಧಾನ ಇರ್ಬೇಕು," ಎಂದು ಸಮಾಧಾನ ಹೇಳಿದ. ಆಮೇಲೆ ಅವನಿಗೇ ಒಂದು ಉಪಾಯ ಹೊಳೆಯಿತು. ಭಾವನ ಬಳಿ ಬಂದು ಕೈಮುಗಿದು, "ಸಾರ್, ಟ್ಯಾಂಕ್ ಖಾಲಿ ಮಾಡೋದು ಹೇಗೆ ಅಂತ ತಾವು ಇವತ್ತು ಎಲ್ಲರಿಗೂ ಮಾಡಿ ತೋರಿಸ್ಬೇಕು. ಹೊಸಬರು ಕಲೀಲಿ," ಎಂದ.

ಮಧ್ಯಾಹ್ನ ಭಾವನ ಗಾಡಿಯ ಮುಂದೆ ಕುರ್ಚಿಗಳು ಬಿದ್ದವು. ಮುಂದಿನ ಸಾಲಿನಲ್ಲಿ ಡಾಕ್ಟರೂ ಅವರ ಹೆಂಡತಿಯೂ ಕ್ಯಾಷಿಯರಮ್ಮನೂ ಕುತ್ತಿಗೆ ಉದ್ದ ಮಾಡಿ ಕೂತಿದ್ದರು. ಭಾವ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಟ್ಯಾಂಕು ಅನ್ನೋದು," ಎಂದು ಶುರುಮಾಡಿದರು, "ಬರೀ ಟ್ಯಾಂಕಲ್ಲ."

ಸಭೆ ತಲೆದೂಗಿತು.

"ತುಂಬಿದ್ದು ಖಾಲಿಯಾಗ್ಬೇಕು. ಆದ್ರೆ ಯಾವಾಗ? ಯಾರು ಮಾಡ್ಬೇಕು? ಮೊದಲು ಅದನ್ನ ನಮ್ಮನ್ನ ನಾವು ಕೇಳ್ಕೋಬೇಕು."

ಅವರ ಹಣೆಯಿಂದ ಬೆವರು ಇಳಿದು ಕಾಲರ್ ಸೇರುತ್ತಿತ್ತು. ಕೈ ಗಾಡಿಯ ಪಕ್ಕೆಯಲ್ಲಿ ಇಲ್ಲದ ಹಿಡಿಕೆಯೊಂದನ್ನು ತಡಕುತ್ತಿತ್ತು. ಅಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ನಿಂತಳು.

"ನಮಗೆ ಬರಲ್ಲ," ಎಂದಳು. "ನಾವು ಮನೆ ಬಿಟ್ಟು ಎರಡು ವಾರವೂ ಆಗಿಲ್ಲ. ಇವರು ಲಿಫ್ಟ್ ಓಡಿಸ್ತಿದ್ರು. ಗಾಡಿ ವಾಲಿರೋದು ಮರದ ತುಂಡು ತಪ್ಪು ಚಕ್ರಕ್ಕೆ ಇಟ್ಟಿದ್ದಕ್ಕೆ. ನನಗೆ ದಿನಾ ತಲೆನೋವು. ನಿಮ್ಮಲ್ಲಿ ಯಾರಾದ್ರೂ ಹಳಬರು ಎದ್ದು ಬಂದು ಒಂಚೂರು ಹೇಳ್ಕೊಡಿ."

ಭಾವ ನೆಲ ನೋಡಿದರು. ಯಾರೂ ಏಳಲಿಲ್ಲ. ಹೊಸಬರು ಹಳಬರನ್ನು ನೋಡಿದರು. ಹಳಬರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು.

"ನಾವೂ ಈ ತಿಂಗಳೇ ಹೊರಟಿದ್ದು," ಎಂದರು ಹಲ್ಲಿನ ಡಾಕ್ಟರು ಸಣ್ಣ ದನಿಯಲ್ಲಿ. "ಗೇಟಲ್ಲಿ ಹಳಬರಾ ಅಂದ್ರು. ವಯಸ್ಸು ಕೇಳ್ತಿದಾರೆ ಅಂದ್ಕೊಂಡು ಹೂಂ ಅಂದೆ."

"ಹಳೇದು ನನ್ನ ಗಾಡಿ," ಎಂದಳು ಕ್ಯಾಷಿಯರಮ್ಮ. "ನಾನಲ್ಲ."

ಎಲ್ಲರೂ ಮ್ಯಾನೇಜರ್ ಕಡೆ ತಿರುಗಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದಿದ್ದ. "ನಾನು ಇದಕ್ಕೆ ಮುಂಚೆ ಸೋಫಾ ಮಾರ್ತಿದ್ದೆ," ಎಂದ. "ನಿಮ್ಮನ್ನೆಲ್ಲ ನೋಡಿ ಕಲಿಯೋಣ ಅಂತಿದ್ದೆ."

ಮೊದಲು ನಕ್ಕದ್ದು ಡಾಕ್ಟರ ಹೆಂಡತಿ. ದಿನಾ ಬಕೆಟ್ ಹೊತ್ತ ಕೈಯನ್ನು ಮೇಲೆತ್ತಿ ತೋರಿಸುತ್ತಾ ನಕ್ಕಳು. ಆಮೇಲೆ ಎಲ್ಲರೂ ಸೇರಿ ಆ ಟ್ಯಾಂಕಿನ ಮೇಲೆ ಬಿದ್ದರು. ಒಬ್ಬರು ಎಳೆದರು, ಒಬ್ಬರು ತಳ್ಳಿದರು, ಸೋಫಾ ಮಾರಿದ ಅನುಭವದಿಂದ ಮ್ಯಾನೇಜರ್ "ಸ್ವಲ್ಪ ಓರೆ ಮಾಡಿ" ಎಂದ. ಓರೆ ಮಾಡಿದಾಗ ಏನಾಯಿತೆಂಬುದನ್ನು ಭಾವ ನನಗೆ ಇಂದಿನವರೆಗೂ ಹೇಳಿಲ್ಲ. ಅವತ್ತು ಹಾಕಿದ್ದ ಪ್ಯಾಂಟು ಮಾತ್ರ ಮನೆಗೆ ಬರಲಿಲ್ಲ. ಸಂಜೆಯೊಳಗೆ ಎಲ್ಲ ಗಾಡಿಗಳ ಕೆಂಪು ದೀಪವೂ ಆರಿತು, ಎಲ್ಲ ಗಾಡಿಗಳೂ ನೆಟ್ಟಗೆ ನಿಂತವು.

ಅವತ್ತು ಸಂಜೆ ಅವರೆಲ್ಲ ಒಟ್ಟಿಗೆ ಕೂತು ಟೀ ಕುಡಿದರು. ಹಳಬರಾಗಿ ಇರಬೇಕಾದ ಕಷ್ಟ ತೀರಿದ ಮೇಲೆ ಎಲ್ಲರ ಬಾಯಲ್ಲೂ ಒಂದೊಂದಾಗಿ ಮನೆ ಬರತೊಡಗಿತು. ಡಾಕ್ಟರಿಗೆ ತಮ್ಮ ಬಚ್ಚಲಿನ ಬಾಗಿಲು ಹಾಕಿಕೊಳ್ಳುವ ಸದ್ದು ಬೇಕಾಗಿತ್ತು. ಕ್ಯಾಷಿಯರಮ್ಮನಿಗೆ ಪಕ್ಕದ ಮನೆಯವನ ಕೆಮ್ಮು. "ಎಷ್ಟು ಬೈದಿದೀನಿ ಆ ಮನುಷ್ಯನ್ನ. ಈಗ ಅದಿಲ್ಲದೆ ನಿದ್ದೆ ಹತ್ತಲ್ಲ," ಎಂದಳು.

ಭಾವ ಲೋಟ ತಿರುಗಿಸುತ್ತಾ ಕೂತಿದ್ದರು. "ಬಾಗಿಲು ತೆಗೆದ್ರೆ ಎದುರಿಗೆ ಯಾರಾದ್ರೂ ನಿಂತಿರ್ತಿದ್ರು," ಎಂದರು. "ಹತ್ತೋಕೆ."

ಅಷ್ಟೇ ಹೇಳಿದ್ದು. ಅಕ್ಕ ಕೇಳಿಸಿಕೊಂಡಳು. ಮರುದಿನ ಬೆಳಗ್ಗೆ ಟೀ ಕೊಡುತ್ತಾ, ಮುಖ ನೋಡದೆ, "ಮನೆಗೆ ಹೋಗೋಣ," ಎಂದಳು.

ಭಾವ ಕೊಟ್ಟ ಮಾತಿನಂತೆ ಉಸಿರೆತ್ತಲಿಲ್ಲ. ಅವರು ಆ ಮಾತಿಗಾಗಿ ದಿನಗಟ್ಟಲೆ ಕಾದಿದ್ದರು. ಆದರೆ ಅದು ಬಂದಾಗ ಕೈಯಲ್ಲಿನ ಟೀ ಹಾಗೇ ಆರಿ ತಣ್ಣಗಾಯಿತಂತೆ. ಹೊರಡುವಾಗ ಡಾಕ್ಟರು ಗಾಡಿಯ ಪಕ್ಕೆ ತಟ್ಟಿ, "ಇನ್ನು ಯಾವಾಗ?" ಎಂದರು. ಭಾವ ತಲೆಯಲ್ಲಾಡಿಸಿದರು. ಅದು ಹೌದೋ ಅಲ್ಲವೋ ಡಾಕ್ಟರಿಗೂ ತಿಳಿಯಲಿಲ್ಲ.

ಊರಿನ ದಾರಿ ಹಿಡಿದರು. ತಿರುವಿನಲ್ಲಿ ಲಾರಿಯೊಂದು ಇವರನ್ನು ದಾಟಿ ಹೋಯಿತು. ಭಾವ ಅದನ್ನು ನೋಡಲಿಲ್ಲ ಎಂದು ಅಕ್ಕ ಆಮೇಲೆ ನನಗೆ ಹೇಳಿದಳು.

ಇನ್ನು ಮುಂದಿನದು ನಾನು ಕಣ್ಣಾರೆ ಕಂಡದ್ದು. ಗಾಡಿ ಬೀದಿಗೆ ತಿರುಗಿದಾಗ ನಾನು ಟೈಲರಮ್ಮನ ಬಾಗಿಲಲ್ಲಿ ಅವಳ ಚೀಲ ಹಿಡಿದು ನಿಂತಿದ್ದೆ. ಅವಳು ಅಂಗಡಿಗೆ ಬೀಗ ಹಾಕುತ್ತಿದ್ದಳು. ಬೀಗಕ್ಕೆ ಅಭ್ಯಾಸವಿರಲಿಲ್ಲ, ತಿರುಗುತ್ತಿರಲಿಲ್ಲ. ಔಷಧಿ ಅಂಗಡಿಯವನೂ ಮೇಷ್ಟ್ರೂ ಗಾಡಿಯನ್ನು ಕಂಡು ಓಡಿಬಂದರು.

"ನಾನು ಹೇಳಿರ್ಲಿಲ್ವಾ?" ಎಂದರು ಮೇಷ್ಟ್ರು, ಯಾರಿಗೆ ಏನು ಹೇಳಿದ್ದರೋ.

ಅಕ್ಕ ಗಾಡಿಯಿಂದ ಇಳಿದು ನೇರ ಟೈಲರಮ್ಮನ ಕಡೆ ನಡೆದವಳು ಚೀಲ ನೋಡಿ ನಿಂತಳು. "ಎಲ್ಲಿಗೆ ಹೊರಟೆ?"

"ನಿನ್ನ ಹತ್ರಾನೇ," ಎಂದಳು ಟೈಲರಮ್ಮ. "ಬಸ್ಸು ಎಲ್ಲಿಂದ ಹೊರಡುತ್ತೆ ಅಂತ ನಿನ್ನ ತಮ್ಮನ್ನ ಕೇಳ್ತಿದ್ದೆ. ಎಷ್ಟು ಕೇಳಿದ್ರೂ ಆಚೆ ದಡದಲ್ಲಿ ಏನಿದೆ ಅಂತ ನೀನು ಹೇಳ್ಲಿಲ್ಲ. ನಾನೇ ನೋಡ್ಕೊಂಡು ಬರೋಣ ಅಂತ..." ಆಮೇಲೆ ಗಾಡಿಯನ್ನು ನೋಡಿ, "ಬಂದೇಬಿಟ್ರಾ," ಎಂದಳು. ನನ್ನ ಕೈಯಿಂದ ಚೀಲ ತೆಗೆದುಕೊಂಡು, ಬೀಗ ತೆಗೆಯಲು ಕೀಲಿ ಹುಡುಕತೊಡಗಿದಳು. ಕೀಲಿ ಬೀಗದಲ್ಲೇ ಇತ್ತು.

ಅಕ್ಕ ತನ್ನ ಮನೆಗೆ ಹೋದಳು. ನಾನು ಹಿಂದೆ ಹೋದೆ. ಕಿಟಕಿ ತೆರೆದಳು. ತನ್ನ ಕುರ್ಚಿಯಲ್ಲಿ ಕೂತಳು. ತನ್ನ ಲೋಟದಲ್ಲಿ ನೀರು ಕುಡಿದಳು. ಗೋಡೆಯ ಮೇಲೊಮ್ಮೆ ಅಂಗೈ ಆಡಿಸಿದಳು, ಮಗುವಿನ ಜ್ವರ ನೋಡುವ ಹಾಗೆ. ಅವಳು ಅಷ್ಟು ದಿನ ಫೋನಿನಲ್ಲಿ ಕೇಳಿ ಕೇಳಿ ಸಿಗದಿದ್ದುದೆಲ್ಲ ಅಲ್ಲೇ, ಇದ್ದ ಹಾಗೇ ಇತ್ತು.

"ಎಲ್ಲ ಸರಿ ಇದೆ ಅಲ್ವಾ?" ಎಂದೆ.

"ಹೂಂ," ಎಂದಳು. ಕಣ್ಣೊರೆಸಿಕೊಂಡಳು. ಎದ್ದು ಬಾಗಿಲು ಹಾಕಿಕೊಂಡು ಬೀದಿಗೆ ಬಂದಳು.

ಭಾವ ಆಗಲೇ ಗಾಡಿಯಿಂದ ಹಾಸಿಗೆ ಹೊರಗೆ ಎಳೆಯುತ್ತಿದ್ದರು. ಅಕ್ಕ ಅದರ ಇನ್ನೊಂದು ತುದಿ ಹಿಡಿದು ಒಳಕ್ಕೆ ತಳ್ಳಿದಳು.

"ಮನೆಗೆ ಅಂದಿದ್ಯಲ್ಲ," ಎಂದರು ಭಾವ.

"ಬಂದಾಯ್ತಲ್ಲ." ಎದುರುಮನೆಯ ಕಡೆ ತಿರುಗಿ, "ಹತ್ತೇ," ಎಂದಳು.

ಟೈಲರಮ್ಮ ಚೀಲವನ್ನು ಎದೆಗವಚಿಕೊಂಡಳು. ಭಾವ ಕೈಯಲ್ಲಿದ್ದ ಹಾಸಿಗೆಯ ತುದಿ ಬಿಟ್ಟರು. ಆಮೇಲೆ ಬಾಗಿಲು ತೆರೆದು ಹಿಡಿದರು. ಅಷ್ಟು ಚೆಂದವಾಗಿ ಬಾಗಿಲು ಹಿಡಿದ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಔಷಧಿ ಅಂಗಡಿಯವನು, "ಮತ್ತೆ ಹೊಲಿಯೋಕೆ ಕೊಟ್ಟ ನನ್ನ ಜುಬ್ಬ?" ಎಂದ.

ಗಾಡಿ ಹೊರಟಿತು. ಬೀದಿಯ ಕೊನೆಯಲ್ಲಿ, ಟೈಲರಮ್ಮ ದಾರ, ಗುಂಡಿ ತರಲು ಹೋದಾಗಲೆಲ್ಲ ಅದರಾಚೆ ಹೋಗದೆ ಮನೆ ಕಡೆ ತಿರುಗಿಕೊಳ್ಳುತ್ತಿದ್ದ ಮೂಲೆಯಲ್ಲಿ, ಅವಳು ಹಿಂದಿನಿಂದ ಭಾವನನ್ನು ಕರೆದು, ಸ್ವಲ್ಪ ನಿಧಾನ ಮಾಡಿ ಎಂದಳಂತೆ. ಭಾವ ಬ್ರೇಕಿನ ಮೇಲೆ ಕಾಲಿಟ್ಟು, "ಇಳೀತೀರಾ?" ಎಂದರು.

"ಇಲ್ಲ," ಎಂದಳು ಟೈಲರಮ್ಮ, ಹಿಂದಿನ ಕಿಟಕಿಯ ಪರದೆ ಸರಿಸಿ. "ಹೋಗೋರನ್ನೆಲ್ಲ ಇಷ್ಟು ದಿನ ನಾನು ಬೀದೀಲಿ ಕೂತು ನೋಡ್ತಿದ್ದೆ. ಬೀದೀನೇ ಹಿಂದಕ್ಕೆ ಹೋಗೋದನ್ನ ಒಂದ್ಸಲ ನೋಡ್ಬೇಕಿತ್ತು."